ದಿಂಬಿನ ಪಕ್ಕದ ಬಂದೂಕು

ಆಪತ್ಕಾಲಕ್ಕಿರಲಿ, ಮನೆಯ ರಕ್ಷಣೆಗಿರಲಿ ಎಂದು ಬಂದೂಕು ಕೊಳ್ಳಲು ಹೊರಟ ಅಮೆರಿಕದ ಗೃಹಸ್ಥ ಮೊದಲು ಕೇಳುವುದು, ಯಾವುದು ಒಳ್ಳೆಯದು ಎಂದು. ಪಿಸ್ತೂಲೋ, ಶಾಟ್‌ಗನ್ನೋ, ಎಆರ್-15 ಮಾದರಿಯ ರೈಫಲ್ಲೋ? ಪಿಸ್ತೂಲಾದರೆ ಒಂದು ಕೈ ಬಿಡುವಾಗಿರುತ್ತದೆ, ಅದರಲ್ಲಿ ಫೋನನ್ನೋ ಮಗುವನ್ನೋ ಹಿಡಿಯಬಹುದು. ಆದರೆ ಗಾಬರಿಯಲ್ಲಿ ಗುರಿ ತಪ್ಪುವುದೂ ಅದರಲ್ಲೇ ಸುಲಭ. ಉದ್ದ ನಳಿಗೆಯದು ಭುಜಕ್ಕೆ ಆನಿಸಿದರೆ ಅಲುಗುವುದಿಲ್ಲ, ಇಕ್ಕಟ್ಟಿನಲ್ಲಿ ತಿರುಗಿಸುವುದು ಮಾತ್ರ ಕಷ್ಟ. ಇನ್ನು ಅಲ್ಲಿನ ಮನೆಗಳ ಒಳಗೋಡೆಯೆಂದರೆ ಮರದ ಚೌಕಟ್ಟಿನ ಎರಡೂ ಬದಿಗೆ ಬಡಿದ ಅರ್ಧ ಇಂಚಿನ ಜಿಪ್ಸಮ್ ಹಲಗೆ. ಆಳನ್ನು ತಡೆದು ಕೆಡವಬಲ್ಲ ಗುಂಡು ಆ ಗೋಡೆಯನ್ನೂ ತೂರಿ ಮಕ್ಕಳು ಮಲಗಿರುವ ಕೋಣೆಗೆ ಹೋಗಬಲ್ಲದು. ಇವೆಲ್ಲ ಯೋಚಿಸಬೇಕಾದ ಸಂಗತಿಗಳೇ. ಆದರೂ ಆಯ್ಕೆಯನ್ನು ಇಲ್ಲಿಂದ ಶುರು ಮಾಡುವುದೇ ತಪ್ಪು. ಬಂದೂಕು ಕೊಳ್ಳುವುದು ಮನಸ್ಸಿನಲ್ಲಿ ಕಂಡ ಒಂದು ಕೆಟ್ಟ ರಾತ್ರಿಗಾಗಿ. ಅದು ಮನೆಯಲ್ಲಿ ಬಿದ್ದಿರುವುದು ಉಳಿದೆಲ್ಲ ಹಗಲುರಾತ್ರಿಗಳಲ್ಲಿ. ಆಯ್ಕೆಯನ್ನು ಅಳೆಯಬೇಕಾದ್ದು ಆ ಉಳಿದ ದಿನಗಳಿಂದ.

ರಕ್ಷಣೆಯ ಬಂದೂಕಿನ ಗುಣವೆಲ್ಲ ಇರುವುದು ಅದು ಬೇಗ ಕೈಗೆ ಸಿಗುವುದರಲ್ಲಿ. ಗುಂಡು ತೆಗೆದು, ಬೀಗ ಹಾಕಿ, ಬೀರುವಿನ ಮೇಲಿಟ್ಟದ್ದು ಕಳ್ಳ ಬಂದಾಗ ಉಪಯೋಗಕ್ಕೆ ಬಾರದು ಎಂಬುದು ಸುಳ್ಳಲ್ಲ. ಅಮೆರಿಕದ ಸುಪ್ರೀಂ ಕೋರ್ಟು ಹೆಲ್ಲರ್ ಪ್ರಕರಣದಲ್ಲಿ, 2008ರಲ್ಲಿ, 5-4ರ ಬಹುಮತದಿಂದ ಇದನ್ನೇ ಹೇಳಿತು: ಮನೆಯೊಳಗಿನ ಬಂದೂಕನ್ನು ಬಿಚ್ಚಿಯೋ ಅದರ ಕುದುರೆಗೆ (ಟ್ರಿಗರ್‌ಗೆ) ಬೀಗ ಹಾಕಿಯೋ ಇಡಬೇಕೆಂಬ ವಾಷಿಂಗ್ಟನ್ ನಗರದ ನಿಯಮ ಆತ್ಮರಕ್ಷಣೆಯನ್ನೇ ಅಸಾಧ್ಯವಾಗಿಸುತ್ತದೆ ಎಂದು ಅದನ್ನು ರದ್ದು ಮಾಡಿತು. ತರ್ಕ ಸರಿಯಾಗಿದೆ, ಅರ್ಧಕ್ಕೇ ನಿಂತಿದೆ, ಅಷ್ಟೆ. ಯಜಮಾನನ ಕೈಗೆ ಬೇಗ ಸಿಗುವುದು ಕುತೂಹಲದ ಮಗುವಿನ ಕೈಗೂ, ಪರೀಕ್ಷೆಯಲ್ಲಿ ಸೋತ ಹುಡುಗನ ಕೈಗೂ, ಜಗಳದ ನಡುವೆ ಕಣ್ಣು ಕತ್ತಲಾದ ಗಂಡನ ಕೈಗೂ ಅಷ್ಟೇ ಬೇಗ ಸಿಗುತ್ತದೆ. ಯಾರ ಆಪತ್ತು ಇದು ಎಂದು ಬಂದೂಕು ವಿಚಾರಿಸುವುದಿಲ್ಲ.

ಲೆಕ್ಕ ನೋಡಿದರೆ ಈ ಮಾತಿನ ತೂಕ ಗೊತ್ತಾಗುತ್ತದೆ. 2021ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಸತ್ತವರು 48,830 ಮಂದಿ. ಅದರಲ್ಲಿ ಕೊಲೆಯಾದವರು ಸುಮಾರು 21 ಸಾವಿರ, ಆತ್ಮಹತ್ಯೆ ಮಾಡಿಕೊಂಡವರು 26 ಸಾವಿರಕ್ಕೂ ಹೆಚ್ಚು. ಸಾಯಬೇಕೆನ್ನಿಸುವ ಗಳಿಗೆ ಹಲವರಲ್ಲಿ ಬಂದು ಹೋಗುವಂಥದ್ದು. ಅದನ್ನು ದಾಟಿ ಬದುಕಿದವರಲ್ಲಿ ಬಹುಪಾಲು ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಬಂದೂಕು ಆ ಎರಡನೆಯ ಅವಕಾಶವನ್ನು ಕೊಡುವುದು ತೀರ ಅಪರೂಪ. ಇಸ್ರೇಲಿನ ಸೇನೆ 2006ರಲ್ಲಿ ಒಂದು ಸಣ್ಣ ಬದಲಾವಣೆ ಮಾಡಿತು: ವಾರಾಂತ್ಯಕ್ಕೆ ಮನೆಗೆ ಹೋಗುವ ಸೈನಿಕರು ಆಯುಧವನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕೆಂದಿತು. ಯುವ ಸೈನಿಕರ ಆತ್ಮಹತ್ಯೆ ಸುಮಾರು ಶೇ. 40ರಷ್ಟು ಇಳಿಯಿತು, ಇಳಿದದ್ದು ಮುಖ್ಯವಾಗಿ ವಾರಾಂತ್ಯಗಳಲ್ಲಿ. ಆ ಹುಡುಗರ ದುಃಖವನ್ನು ಯಾರೂ ಕಡಿಮೆ ಮಾಡಿರಲಿಲ್ಲ. ದುಃಖಕ್ಕೂ ಆಯುಧಕ್ಕೂ ನಡುವೆ ಒಂದಿಷ್ಟು ದೂರ ಇಟ್ಟಿದ್ದರು.

ಇದಕ್ಕೆ ಬುದ್ಧಿವಂತರ ಆಕ್ಷೇಪವೊಂದಿದೆ. ಸಾಯಲು ನಿರ್ಧರಿಸಿದವರೇ ಬಂದೂಕು ಕೊಂಡಿರಬಹುದಲ್ಲ, ಬಂದೂಕನ್ನು ದೂರಿ ಏನು ಫಲ? ಕ್ಯಾಲಿಫೋರ್ನಿಯಾದ ಸುಮಾರು 2.6 ಕೋಟಿ ವಯಸ್ಕರ ದಾಖಲೆಗಳನ್ನು ಹನ್ನೆರಡು ವರ್ಷ ಹಿಂಬಾಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಕೈಬಂದೂಕು ಹೊಂದಿದ ಗಂಡಸರು ಗುಂಡಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ ಇಲ್ಲದವರಿಗಿಂತ ಎಂಟು ಪಟ್ಟು, ಹೆಂಗಸರಲ್ಲಿ ಮೂವತ್ತೈದು ಪಟ್ಟು. ಕೊಂಡ ಮೊದಲ ತಿಂಗಳು ಅಪಾಯ ಅತಿ ಹೆಚ್ಚು, ನಿಜ. ಆದರೆ ಆ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಂಭವಿಸಿದ್ದು ಕೊಂಡು ವರ್ಷ ಕಳೆದ ಮೇಲೆ. ಬೇರೆ ವಿಧಾನಗಳ ಆತ್ಮಹತ್ಯೆ ಅವರಲ್ಲಿ ಹೆಚ್ಚಿರಲೂ ಇಲ್ಲ. ಬಂದೂಕು ಇದ್ದದ್ದರಿಂದ ದಾಳಿಕೋರರಿಂದ ಬಚಾವಾದವರೂ ಇದ್ದಾರಲ್ಲ ಎಂದರೆ, ಖಂಡಿತ ಇದ್ದಾರೆ. ಎಷ್ಟು ಎಂಬಲ್ಲಿ ಜಗಳ: ಸರ್ಕಾರದ ಅಪರಾಧ ಸಮೀಕ್ಷೆ ವರ್ಷಕ್ಕೆ 60–70 ಸಾವಿರ ಪ್ರಸಂಗಗಳ ಆಸುಪಾಸು ತೋರಿಸಿದರೆ, ಅಪರಾಧಶಾಸ್ತ್ರಜ್ಞ ಗ್ಯಾರಿ ಕ್ಲೆಕ್ 1995ರಲ್ಲಿ 25 ಲಕ್ಷ ಎಂದರು. ಇಷ್ಟು ಅಂತರವಿರುವ ಲೆಕ್ಕದ ಮೇಲೆ ಮನೆಯವರ ಜೀವವನ್ನು ಪಣಕ್ಕಿಡುವ ಧೈರ್ಯ ನನಗಂತೂ ಇಲ್ಲ.

ಇನ್ನು ಆಪತ್ಕಾಲದ ವಾದ. ಪ್ರವಾಹ ಬಂತು, ಕರೆಂಟಿಲ್ಲ, ಪೊಲೀಸರಿಲ್ಲ, ಆಗ ಏನು ಗತಿ? 2005ರ ಕತ್ರಿನಾ ಚಂಡಮಾರುತ ಈ ಪ್ರಶ್ನೆಗೆ ನಡೆದುಹೋದ ಉತ್ತರ. ಲೂಯಿಸಿಯಾನಾದಲ್ಲಿ ಗುರುತಿಸಲಾದ 971 ಸಾವುಗಳಲ್ಲಿ ಶೇ. 40ರಷ್ಟು ಮುಳುಗಿ ಆದವು. ಸತ್ತವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನ 75 ದಾಟಿದವರು. ಅವರಿಗೆ ಬೇಕಾಗಿದ್ದದ್ದು ದೋಣಿ, ಔಷಧಿ, ಎತ್ತಿಕೊಂಡು ಹೋಗುವ ಜನ. ಲೂಟಿಕೋರರ ಬಗ್ಗೆ ಹಬ್ಬಿದ ಸುದ್ದಿಗಳಲ್ಲಿ ಎಷ್ಟೋ ಉತ್ಪ್ರೇಕ್ಷೆ ಎಂದು ಆಮೇಲೆ ತಿಳಿಯಿತು. ಅಷ್ಟರೊಳಗೆ ನ್ಯೂ ಆರ್ಲಿಯನ್ಸ್‌ನ ಅಲ್ಜಿಯರ್ಸ್ ಪಾಯಿಂಟ್ ಬಡಾವಣೆಯಲ್ಲಿ ಕಾವಲಿಗೆ ನಿಂತ ಬಿಳಿಯರ ಬಂದೂಕಿಗೆ, ಪಾರಾಗಲು ಹೊರಟಿದ್ದ ಕಪ್ಪು ಜನ ಗಾಯಗೊಂಡಿದ್ದರು.

ನಮ್ಮ ಕೊಡಗಿನಲ್ಲಿ ಮನೆಮನೆಗೂ ಕೋವಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ 2029ರವರೆಗೆ ವಿನಾಯಿತಿಯಿದೆ, ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಆ ಕೋವಿ ಕೈಲ್‌ಪೊಳ್ದ್ ಹಬ್ಬದಲ್ಲಿ ತೋಕ್‌ಪೂ ಎಂಬ ಹೂ ಮುಡಿದು ಪೂಜೆಗೊಳ್ಳುವುದು. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡಿನಿಂದ, ಸಾವಾದರೆ ಎರಡು ಗುಂಡಿನಿಂದ ಊರಿಗೆ ತಿಳಿಸುವುದು. ಅಪರಿಚಿತನ ಭಯದಿಂದ ಗುಂಡು ತುಂಬಿ ದಿಂಬಿನ ಪಕ್ಕ ಇಟ್ಟ ಪಿಸ್ತೂಲಿನ ಪಾತ್ರ ಅದಕ್ಕಿಲ್ಲ. ಹಾಗೆಂದು ಸಂಪ್ರದಾಯವೇ ಬೀಗವಾಗದು. ಕೊಡಗಿನ ಕೋವಿಗೂ ಬೀಗ ಬೇಕು.

ಊರಿಂದ ದೂರ ಒಂಟಿಯಾಗಿ ವಾಸಿಸುವ, ಮನಸ್ಸು ಸ್ವಸ್ಥವಾಗಿರುವ, ಅಭ್ಯಾಸ ಬಿಡದ ವ್ಯಕ್ತಿ ಬೆರಳಚ್ಚಿಗೆ ತೆರೆಯುವ ಪೆಟ್ಟಿಗೆಯಲ್ಲಿ ಬಂದೂಕು ಇಟ್ಟುಕೊಂಡರೆ ನಾನು ತಕರಾರು ಮಾಡಲಾರೆ. ಮನೆಯಲ್ಲಿ ಹದಿಹರೆಯದವರೋ ಖಿನ್ನತೆಯಲ್ಲಿರುವವರೋ ಕುಡಿದು ಕೈಯೆತ್ತುವವರೋ ಇದ್ದರೆ, ಆ ಮನೆಗೆ ಒಳ್ಳೆಯ ಬಂದೂಕು ಯಾವುದೂ ಇಲ್ಲ. ಅಮೆರಿಕದಲ್ಲಿರುವ ನಮ್ಮವರು ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿ ಯಾರು ಯಾರಿದ್ದಾರೆ, ಹೇಗಿದ್ದಾರೆ ಎಂದು ನೋಡಿಕೊಳ್ಳಲಿ. ಈಗಾಗಲೇ ಕೊಂಡಿದ್ದರೆ, ಕೆಟ್ಟ ದಿನಗಳು ಕಳೆಯುವವರೆಗಾದರೂ ಕಾನೂನಿನಂತೆ ಅದನ್ನು ಮನೆಯಿಂದ ಹೊರಗಿಡಲಿ. ಬದುಕು ಸಾಕೆನ್ನಿಸಿದವರ ಮಾತು ಕೇಳಲು ಅಲ್ಲಿ 988 ಸಂಖ್ಯೆಯಿದೆ, ಭಾರತದಲ್ಲಿ ಟೆಲಿ ಮಾನಸ್‌ನ 14416.