ಮತವಿಲ್ಲದವರ ಪರವಾದ ಮಾತು

ಸಭೆಯಲ್ಲಿ ಒಬ್ಬ ಸದಸ್ಯನು ಎದ್ದುನಿಂತು ಮಾತನಾಡುತ್ತಾನೆ. ಆ ಮಾತು ಯಾರದು? ಅವನದೋ, ಅವನನ್ನು ಆರಿಸಿ ಕಳುಹಿಸಿದವರದೋ? ಮೇಲುನೋಟಕ್ಕೆ ಇದು ಬಹು ಸುಲಭವಾದ ಪ್ರಶ್ನೆ. ಕಳುಹಿಸಿದವರ ಮಾತನ್ನು ಆಡುವುದಕ್ಕಲ್ಲದೆ ಮತ್ತೇತಕ್ಕೆ ಅವನು ಅಲ್ಲಿಗೆ ಹೋದದ್ದು ಎಂದು ಯಾರಾದರೂ ಕೇಳಿಯಾರು. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಆ ಸುಲಭವಾದ ಉತ್ತರವೇ ನನ್ನನ್ನು ಒಮ್ಮೆ ತಲೆ ತಗ್ಗಿಸುವಂತೆ ಮಾಡಿತು. ಆ ಸಂಗತಿಯನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು, ಈ ಪ್ರಶ್ನೆಯನ್ನು ಇಪ್ಪತ್ತೆಂಟು ವರ್ಷಕಾಲ ಸಭೆಯೊಳಗೆ ಹೊತ್ತು ನಿಂತಿದ್ದ ಒಬ್ಬ ಸದಸ್ಯನ ವಿಚಾರವನ್ನು ವಾಚಕರ ಮುಂದಿಡಬೇಕು.

ಕನ್ನಡ ಪಾಠ ಹೇಳುವ ನನಗೆ ಎಡ್ಮಂಡ್ ಬರ್ಕನ ಪರಿಚಯವಾದದ್ದು ಹೈದರಾಲಿಯ ಮೂಲಕ ಎಂದರೆ ಕೆಲವರಿಗೆ ಸೋಜಿಗವಾಗಬಹುದು. ಮೈಸೂರಿನ ಚರಿತ್ರೆಯನ್ನು ಓದುತ್ತಿದ್ದಾಗ, ಹೈದರನು 1780ರಲ್ಲಿ ಘಟ್ಟ ಇಳಿದು ಆರ್ಕಾಟಿನ ಬಯಲಿನ ಮೇಲೆ ಬಿದ್ದುದನ್ನು ಕುರಿತು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಒಬ್ಬನು ಮಾಡಿದ ಭಾಷಣದ ಪ್ರಸ್ತಾಪ ಕಣ್ಣಿಗೆ ಬಿತ್ತು. ಹುಡುಕಿ ಓದಿದೆ. ಭಾಷಣದ ದಿನ 1785ರ ಫೆಬ್ರವರಿ 28. ಆರ್ಕಾಟಿನ ನವಾಬನು ಈಸ್ಟ್ ಇಂಡಿಯಾ ಕಂಪೆನಿಯ ನೌಕರರಿಂದಲೂ ಅವರ ಸಂಗಡಿಗರಿಂದಲೂ ಮಿತಿಮೀರಿ ಸಾಲ ಎತ್ತಿದ್ದನು. ಅದರಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂದು ವಿಚಾರಿಸದೆಯೇ ಆ ಸಾಲವನ್ನು ಆ ಸೀಮೆಯ ಕಂದಾಯದಿಂದ ತೀರಿಸಲು ಅಂದಿನ ಸರ್ಕಾರ ಒಪ್ಪಿತ್ತು. ಬರ್ಕನು ಎದ್ದದ್ದು ಇದನ್ನು ಪ್ರತಿಭಟಿಸುವುದಕ್ಕೆ. ಆಗ ಇಂಗ್ಲಿಷರು ಕರ್ನಾಟಿಕ್ ಎಂದು ಕರೆಯುತ್ತಿದ್ದುದು ನಮ್ಮ ಇಂದಿನ ನಾಡನ್ನಲ್ಲ, ಘಟ್ಟದ ಕೆಳಗಿನ ಆ ತಮಿಳು ಸೀಮೆಯನ್ನು. ಬೆಟ್ಟದ ನೆತ್ತಿಯ ಮೇಲೆ ಕರಿಮೋಡ ಕವಿದು ನಿಂತು ಕೊನೆಗೆ ಬಯಲಿನ ಮೇಲೆ ಒಡೆದು ಸುರಿದಂತೆ ಹೈದರನ ದಂಡು ಇಳಿದುದನ್ನು ಅವನು ವರ್ಣಿಸಿದ. ಆದರೆ ಅವನ ಬೆರಳು ನೆಟ್ಟದ್ದು ಹೈದರನ ಮೇಲಲ್ಲ. ಆ ಕೋಪವನ್ನು ಕೆರಳಿಸಿದ ತನ್ನ ದೇಶದವರ ಲೋಭದ ಮೇಲೆ.

ಆ ಭಾಷಣದಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಯುದ್ಧದ ವರ್ಣನೆಯಲ್ಲ, ಕೆರೆಗಳ ಲೆಕ್ಕ. ಮಳೆಯನ್ನೇ ನಂಬಿದ ಆ ನಾಡಿನಲ್ಲಿ ದೊಡ್ಡವು ಮಧ್ಯಮದವು ಸೇರಿ ಹತ್ತು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಕೆರೆಗಳು ಇರಬೇಕೆಂದು ಅವನು ಸಭೆಗೆ ತಿಳಿಸಿದ. ಗೋರಿಗಳಲ್ಲ, ಅರಮನೆಗಳಲ್ಲ, ಈ ಕೆರೆಗಳೇ ಪ್ರಜೆಗಳಿಗೆ ತಂದೆಯಂತಿದ್ದ ಅರಸರ ನಿಜವಾದ ಸ್ಮಾರಕಗಳು ಎಂದ. ಏರಿ ಒಡೆದ ಕೆರೆಯನ್ನು ದುರಸ್ತಿ ಮಾಡಬೇಕಾದ ಹಣ ಸಾಲಗಾರರ ಜೇಬಿಗೆ ಹೋಗುತ್ತಿದೆ ಎಂಬುದು ಅವನ ಸಂಕಟ. ಬರ್ಕನು ಇಂಡಿಯಕ್ಕೆ ಒಮ್ಮೆಯೂ ಬಂದವನಲ್ಲ. ಆ ಕೆರೆಗಳ ಕೆಳಗೆ ಗದ್ದೆ ಉಳುವವರಲ್ಲಿ ಒಬ್ಬನಿಗೂ ಅವನ ಚುನಾವಣೆಯಲ್ಲಿ ಮತವಿರಲಿಲ್ಲ. ಅವನ ಹೆಸರನ್ನು ಅವರು ಕೇಳಿಯೂ ಇರಲಾರರು. ಅಂದು ಸಭೆ ಅವನ ಪಕ್ಷವನ್ನು ಸೋಲಿಸಿತು. ಅವನು ಎದ್ದನೆಂದರೆ ಊಟದ ಗಂಟೆ ಹೊಡೆಯಿತೆಂದು ಸದಸ್ಯರು ಹಾಸ್ಯ ಮಾಡಿ ಹೊರಗೆ ನಡೆಯುತ್ತಿದ್ದುದೂ ಉಂಟು. ಕೇಳುವವರಿಲ್ಲದ ಕಡೆ, ಮತವಿಲ್ಲದವರ ಪರವಾಗಿ, ಗಂಟೆಗಟ್ಟಲೆ ಮಾತನಾಡುವ ಹಕ್ಕನ್ನು ಇವನಿಗೆ ಯಾರು ಕೊಟ್ಟರು?

ಇದಕ್ಕೆ ಉತ್ತರವನ್ನು ಅವನು ಹತ್ತು ವರ್ಷ ಮೊದಲೇ ಹೇಳಿದ್ದ. 1774ರ ನವೆಂಬರಿನಲ್ಲಿ ಬ್ರಿಸ್ಟಲ್ ಪಟ್ಟಣದವರು ಅವನನ್ನು ಆರಿಸಿದರು. ದೊಡ್ಡ ರೇವುಪಟ್ಟಣ, ಪ್ರಬಲರಾದ ವರ್ತಕರು. ಜೊತೆಯಲ್ಲಿ ಗೆದ್ದ ಇನ್ನೊಬ್ಬನು ಮತದಾರರ ಆಜ್ಞೆಯಂತೆ ನಡೆಯುವುದಾಗಿ ಮಾತು ಕೊಟ್ಟಿದ್ದ. ಬರ್ಕನು ಗೆದ್ದ ದಿನವೇ ಅದನ್ನು ನಿರಾಕರಿಸಿದ. ಅವನ ವಾದದ ಸಾರ ಇಷ್ಟು: ನನ್ನ ದುಡಿಮೆ ನಿಮ್ಮದು, ನನ್ನ ಸುಖಕ್ಕಿಂತ ನಿಮ್ಮ ಸುಖ ಮುಂದು, ಆದರೆ ನನ್ನ ವಿವೇಕವನ್ನು ನಿಮ್ಮ ಅಭಿಪ್ರಾಯಕ್ಕೆ ಬಲಿಕೊಟ್ಟರೆ ಅದು ಸೇವೆಯಲ್ಲ, ದ್ರೋಹ. ವಾದವನ್ನು ಕೇಳುವವರು ಒಂದು ಕಡೆ, ಕೇಳುವ ಮೊದಲೇ ತೀರ್ಪು ಬರೆದಿಟ್ಟವರು ಮುನ್ನೂರು ಮೈಲಿ ಆಚೆಗೆ ಎಂದಾದರೆ ಚರ್ಚೆಗೆ ಅರ್ಥವೇನು?

ನಮ್ಮ ಆಲಂಕಾರಿಕರು ಮಾತಿನಲ್ಲಿ ಮೂರು ಬಗೆ ಹೇಳುತ್ತಾರೆ: ಒಡೆಯನಂತೆ ಆಜ್ಞಾಪಿಸುವ ಪ್ರಭುಸಂಮಿತ, ಗೆಳೆಯನಂತೆ ತಿಳಿಯಹೇಳುವ ಮಿತ್ರಸಂಮಿತ, ನಲ್ಲೆಯಂತೆ ಒಲಿಸಿಕೊಳ್ಳುವ ಕಾಂತಾಸಂಮಿತ. ಚುನಾವಣೆಯ ಕಾಲದಲ್ಲಿ ಮೂರನೆಯದು ಧಾರಾಳವಾಗಿ ಸಿಕ್ಕುತ್ತದೆ. ಗೆದ್ದ ಮೇಲೆ ಮತದಾರರು ಮೊದಲನೆಯದನ್ನು ಆಡಬಯಸುತ್ತಾರೆ. ಬರ್ಕನು ಅಪೇಕ್ಷಿಸಿದ್ದು ನಡುವಿನದನ್ನು. ಗೆಳೆಯನ ಮಾತಿಗೆ ಕಿವಿಗೊಡಬೇಕು, ಅದಕ್ಕೆ ತೂಕವಿದೆ. ಆದರೆ ಗೆಳೆಯನು ಹೇಳಿದನೆಂದು ಕಣ್ಣು ಮುಚ್ಚಿ ಬಾವಿಗೆ ಬೀಳಬೇಕಾಗಿಲ್ಲ.

ಪರೀಕ್ಷೆ ಬೇಗನೆ ಬಂತು. 1775ರ ಮಾರ್ಚಿ 22ರಂದು ಅಮೆರಿಕದ ವಸಾಹತುಗಳೊಡನೆ ಸಂಧಾನ ಮಾಡಿಕೊಳ್ಳಬೇಕೆಂದು ಅವನು ಸಭೆಯನ್ನು ಬೇಡಿದ, ಸಭೆ ಕೇಳಲಿಲ್ಲ. 1778ರಲ್ಲಿ ಐರ್ಲೆಂಡಿನ ವ್ಯಾಪಾರದ ಮೇಲಿನ ನಿರ್ಬಂಧಗಳನ್ನು ಸಡಿಲಿಸುವ ವಿಚಾರ ಬಂದಾಗ, ತಮ್ಮ ಲಾಭಕ್ಕೆ ಕುಂದು ಬರುವುದೆಂದು ಬ್ರಿಸ್ಟಲ್ಲಿನ ವರ್ತಕರು ವಿರೋಧಿಸಿದರು. ಬರ್ಕನು ಐರ್ಲೆಂಡಿನ ಪರವಾಗಿ ನಿಂತ. ಕ್ಯಾಥೊಲಿಕರ ಮೇಲಿನ ಕಠಿಣವಾದ ಕಾನೂನುಗಳನ್ನು ತುಸು ಸಡಿಲಿಸಿದಾಗಲೂ ಹಾಗೆಯೇ. ಅವನು ಹುಟ್ಟಿದ್ದು ಡಬ್ಲಿನ್ನಿನಲ್ಲಿ, ತಾಯಿ ಕ್ಯಾಥೊಲಿಕಳು. ಉಂಡ ಮನೆಗೆ ಎರಡು ಬಗೆಯುತ್ತಿದ್ದಾನೆ ಎಂದು ಬ್ರಿಸ್ಟಲ್ಲಿನವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. 1780ರಲ್ಲಿ ಗೆಲುವಿನ ಆಸೆಯಿಲ್ಲವೆಂದು ಕಂಡು ಅವನು ಕಣದಿಂದ ಹಿಂದೆ ಸರಿದ.

ಇಲ್ಲಿಗೆ ಕಥೆಯನ್ನು ನಿಲ್ಲಿಸಿದರೆ ಬರ್ಕನು ಆದರ್ಶ ಪುರುಷನಾಗಿ ಉಳಿಯುತ್ತಾನೆ. ಆದರೆ ನಿಲ್ಲಿಸುವುದು ಪ್ರಾಮಾಣಿಕತೆಯಾಗದು. ಬ್ರಿಸ್ಟಲ್ಲನ್ನು ಕಳೆದುಕೊಂಡವನು ಸಭೆಗೆ ಮತ್ತೆ ಬಂದದ್ದು ಹೇಗೆ? ಮಾಲ್ಟನ್ ಎಂಬ ಒಂದು ಸಣ್ಣ ಊರಿನ ಪ್ರತಿನಿಧಿಯಾಗಿ. ಆ ಸ್ಥಾನ ರಾಕಿಂಗ್‌ಹ್ಯಾಮ್ ಪ್ರಭುವಿನ ಕೈಯೊಳಗಿನದು. ಅವನು ಯಾರನ್ನು ತೋರಿದರೆ ಅವನೇ ಸದಸ್ಯ. 1794ರವರೆಗೂ ಬರ್ಕನು ಆ ಸ್ಥಾನದಲ್ಲಿಯೇ ಇದ್ದ. ಸಾವಿರಾರು ಮತದಾರರ ಹಂಗನ್ನು ಹರಿದುಕೊಂಡವನು ಒಬ್ಬ ಶ್ರೀಮಂತನ ಹಂಗಿನಲ್ಲಿ ಬಾಳಿದ. ಅಷ್ಟೇ ಅಲ್ಲ. ಅಮೆರಿಕದ ಪರವಾಗಿ ಮಾತನಾಡುತ್ತಿದ್ದ ಆ ವರ್ಷಗಳಲ್ಲಿ ಅವನು ನ್ಯೂಯಾರ್ಕಿನ ಶಾಸನಸಭೆಗೆ ಸಂಬಳ ಪಡೆಯುವ ಏಜೆಂಟನಾಗಿದ್ದ. ಅವನ ಆಪ್ತ ವಿಲಿಯಂ ಬರ್ಕನು ತಂಜಾವೂರಿನ ರಾಜನ ಏಜೆಂಟನಾಗಿದ್ದ. ಆ ರಾಜನಿಗೂ ಆರ್ಕಾಟಿನ ನವಾಬನಿಗೂ ಹಗೆ. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಮತವಿಲ್ಲದವರಿಗಾಗಿ ಇಷ್ಟು ಮರುಗಿದವನು, ಪಾರ್ಲಿಮೆಂಟಿನ ಸುಧಾರಣೆಯ ಪ್ರಶ್ನೆ ಬಂದಾಗ ಅದಕ್ಕೆ ವಿರೋಧವಾಗಿ ನಿಂತ.

ಹಾಗಾದರೆ ಅವನ ಮಾತೆಲ್ಲ ಸುಳ್ಳೇ? ನನಗೆ ಹಾಗೆ ತೋರುವುದಿಲ್ಲ. ಕೆಸರಿನಲ್ಲಿ ಬೇರಿದ್ದರೂ ತಾವರೆ ತಾವರೆಯೇ ಎಂದು ಹೇಳಿ ಜಾರಿಕೊಳ್ಳುವುದೂ ಸರಿಯಲ್ಲ. ಮಾತನ್ನು ಪರೀಕ್ಷಿಸಲು ಬೇರೆ ಒರೆಗಲ್ಲು ಬೇಕು. ಆ ಮಾತಿನಿಂದ ಆಡಿದವನಿಗೆ ಲಾಭವಾಯಿತೋ ನಷ್ಟವಾಯಿತೋ ಎಂಬುದು ಒಂದು. ಮನೆಯ ವಿಚಾರಕ್ಕೂ ಹೊರಗಿನ ವಿಚಾರಕ್ಕೂ ಅವನು ಒಂದೇ ಕೊಳಗದಿಂದ ಅಳೆದನೋ ಎಂಬುದು ಇನ್ನೊಂದು. ಎರಡರಲ್ಲಿಯೂ ಬರ್ಕನು ಬಹುಮಟ್ಟಿಗೆ ನಿಲ್ಲುತ್ತಾನೆ. ವಾರನ್ ಹೇಸ್ಟಿಂಗ್ಸನ ವಿಚಾರಣೆ 1788ರ ಫೆಬ್ರವರಿಯಲ್ಲಿ ಮೊದಲಾಗಿ ಏಳು ವರ್ಷ ನಡೆಯಿತು. ಏಷ್ಯದ ಜನಕ್ಕೆ ಏಷ್ಯದ ರೀತಿಯ ಆಳ್ವಿಕೆಯೇ ತಕ್ಕದ್ದು, ಅಲ್ಲಿನ ಪಾಪಪುಣ್ಯಗಳೇ ಬೇರೆ ಎಂಬ ಸಮಾಧಾನವನ್ನು ಬರ್ಕನು ಅಲ್ಲಿ ತಿರಸ್ಕರಿಸಿದ. ಭೂಪಟದ ಗೆರೆ ದಾಟಿದ ಕೂಡಲೆ ಧರ್ಮ ಬದಲಾಗದು. ಲಂಡನ್ನಿನಲ್ಲಿ ಲಂಚವಾದದ್ದು ಕಲ್ಕತ್ತೆಯಲ್ಲಿಯೂ ಲಂಚವೇ ಎಂಬುದು ಅವನ ನಿಲುವು. 1795ರ ಏಪ್ರಿಲಿನಲ್ಲಿ ಹೇಸ್ಟಿಂಗ್ಸನು ನಿರ್ದೋಷಿಯೆಂದು ತೀರ್ಪಾಯಿತು. ಆದರೆ ದೂರದ ಪ್ರಜೆಗಳ ದೂರನ್ನು ಆಳುವವರು ತಮ್ಮ ಮನೆಯ ಅಂಗಳದಲ್ಲಿ ನಿಂತು ಕೇಳಬೇಕಾಯಿತು.

ಈಗ ನನ್ನ ಸಂಗತಿ. ಕೆಲವು ವರ್ಷಗಳ ಹಿಂದೆ ನನ್ನ ಸಹೋದ್ಯೋಗಿಗಳು ನನ್ನನ್ನು ಅಧ್ಯಾಪಕರ ಒಂದು ಸಮಿತಿಗೆ ಆರಿಸಿದರು. ನಮ್ಮ ಬೇಡಿಕೆಗಳ ಪಟ್ಟಿ ಸಿದ್ಧವಾಗುತ್ತಿತ್ತು. ನಮ್ಮಷ್ಟೇ ಪಾಠ ಹೇಳಿ, ನಮ್ಮ ಸಂಬಳದ ಒಂದು ಪಾಲನ್ನೂ ಕಾಣದ ಅತಿಥಿ ಉಪನ್ಯಾಸಕರ ಮಾತನ್ನು ಅದರಲ್ಲಿ ಸೇರಿಸಬೇಕೆಂದು ನನ್ನ ಮನಸ್ಸಿನಲ್ಲಿತ್ತು. “ಮೇಷ್ಟ್ರೇ, ಅದನ್ನು ಎತ್ತಬೇಡಿ. ನಮ್ಮ ಕೆಲಸವೇ ಕೆಟ್ಟೀತು. ಅವರೇನು ನಿಮಗೆ ಓಟು ಹಾಕಿದವರೇ?” ಎಂದು ಹಿರಿಯರೊಬ್ಬರು ಸಭೆಗೆ ಮೊದಲೇ ಹೇಳಿದರು. ಮಾತು ನಿಜ. ಅವರಿಗೆ ಓಟಿರಲಿಲ್ಲ. ನಾನು ಸುಮ್ಮನೆ ಕುಳಿತೆ. ಸಭೆ ಮುಗಿದು ಹೊರಗೆ ಬಂದಾಗ ಅತಿಥಿ ಉಪನ್ಯಾಸಕನಾಗಿದ್ದ ನನ್ನ ಹಳೆಯ ಶಿಷ್ಯನೊಬ್ಬನು ಮೆಟ್ಟಿಲ ಬಳಿ ಕಾದಿದ್ದ. “ನಮ್ಮ ವಿಷಯ ಬಂತೇ ಸಾರ್?” ಎಂದ. “ಬರಲಿಲ್ಲಪ್ಪ” ಎಂದೆ. ತರಬೇಕಾದವನು ನಾನೇ ಎಂದು ಹೇಳುವ ಧೈರ್ಯವಾಗಲಿಲ್ಲ.

ಅಂದು ನಾನು ಮತದಾರರ ಆಜ್ಞೆಯನ್ನು ಪಾಲಿಸಿದೆ. ಯಾರೂ ನನ್ನನ್ನು ದೂರುವಂತಿಲ್ಲ. ಆದರೂ ಆ ಮೌನ ಇಂದಿಗೂ ಎದೆಯಲ್ಲಿ ಮುಳ್ಳಾಗಿ ಕುಳಿತಿದೆ. ನಮ್ಮ ಸಂವಿಧಾನದ 105ನೆಯ ವಿಧಿ ಪಾರ್ಲಿಮೆಂಟಿನ ಸದಸ್ಯನಿಗೆ ವಾಕ್‌ಸ್ವಾತಂತ್ರ್ಯವನ್ನು ಕೊಟ್ಟಿದೆ. 1985ರಲ್ಲಿ ಸೇರಿದ ಹತ್ತನೆಯ ಅನುಸೂಚಿಯಾದರೋ, ಪಕ್ಷದ ಆದೇಶವನ್ನು ಮೀರಿ ಮತ ಹಾಕಿ ಪಕ್ಷದ ಕ್ಷಮೆಯನ್ನೂ ಪಡೆಯದವನ ಸ್ಥಾನವನ್ನು ಕಿತ್ತುಕೊಳ್ಳುತ್ತದೆ. ಪಕ್ಷಾಂತರದ ಪಿಡುಗನ್ನು ತಡೆಯಲು ಬಂದ ಕಾನೂನು ಅದು. ಅದರ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಮತ ಪಕ್ಷದ ಕೈಸೇರಿದ ಮೇಲೆ ಸದಸ್ಯನ ಸ್ವಂತದ್ದಾಗಿ ಉಳಿಯುವುದು ಮುಖ್ಯವಾಗಿ ಮಾತು. ಅದನ್ನೂ ನುಂಗಿಕೊಂಡರೆ ಉಳಿಯುವುದೇನು?

ಬರ್ಕನಿಂದ ನಾನು ಕಲಿತದ್ದು ಎರಡು. ಒಂದು, ಅವನ ತಪ್ಪಿನಿಂದ: ಇನ್ನೊಬ್ಬರ ಪರವಾಗಿ ಎಷ್ಟು ಚೆನ್ನಾಗಿ ಮಾತನಾಡಿದರೂ ಅದು ಅವರ ಮತಕ್ಕೆ ಬದಲಾಗದು, ಅವರ ಮತವನ್ನು ಅವರಿಗೇ ಕೊಡಬೇಕು. ಇನ್ನೊಂದು, ಅವನ ಗುಣದಿಂದ: ಎಲ್ಲರಿಗೂ ಮತ ಬಂದ ಮೇಲೆಯೂ ಬಾಗಿಲ ಹೊರಗೆ ಯಾರೋ ಕೆಲವರು ನಿಂತೇ ಇರುತ್ತಾರೆ. ನೆರೆಯ ದೇಶದವನಿರಬಹುದು, ಇನ್ನೂ ಹುಟ್ಟದ ಕೂಸಿರಬಹುದು, ಮೆಟ್ಟಿಲ ಬಳಿ ಕಾದಿರುವ ಶಿಷ್ಯನಿರಬಹುದು. ಅವರ ಮಾತನ್ನು ಒಳಗೆ ಒಯ್ಯಬಲ್ಲವನು ಒಳಗೆ ಕುಳಿತವನೊಬ್ಬನೇ. ಮುಂದಿನ ಬಾರಿ ನನ್ನನ್ನು ಆರಿಸುವವರಿಗೆ ಇದನ್ನು ಮೊದಲೇ ಹೇಳಿಬಿಡಬೇಕೆಂದಿದ್ದೇನೆ. ಆರಿಸುವುದು ಬಿಡುವುದು ಅವರಿಗೆ ಸೇರಿದ್ದು.