ಸಹನೆಯ ಬೆಲೆ ತೆರಬೇಕಾದವರು ಯಾರು?

ಬೇಸ್‌ಬಾಲ್ ಸೋಲಿನ ಲೆಕ್ಕ ಬಹಳ ಚೆನ್ನಾಗಿ ಇಡುವ ಆಟ. ಹತ್ತು ಸಲ ಬ್ಯಾಟು ಹಿಡಿದು ನಿಂತವನು ಮೂರು ಸಲ ಚೆಂಡನ್ನು ಸರಿಯಾಗಿ ಬಾರಿಸಿ ಬೇಸ್ ಮುಟ್ಟಿದರೆ ಸಾಕು, ಅವನನ್ನು ಒಳ್ಳೆಯ ಆಟಗಾರನೆನ್ನುತ್ತಾರೆ. ಉಳಿದ ಏಳು ಸಲ ಅವನು ಬರಿಗೈಯಲ್ಲಿ ಮರಳಿದ್ದನ್ನು ಯಾರೂ ದೊಡ್ಡದು ಮಾಡುವುದಿಲ್ಲ. 1941ರಲ್ಲಿ ಬಾಸ್ಟನ್‌ನ ಟೆಡ್ ವಿಲಿಯಮ್ಸ್ .406ರ ಸರಾಸರಿ ಗಳಿಸಿ ದಂತಕಥೆಯಾದರು. ಆ ವರ್ಷವೂ ಅವರು ಹತ್ತರಲ್ಲಿ ಸುಮಾರು ಆರು ಸಲ ಸೋತಿದ್ದರು!

ಆದ್ದರಿಂದಲೇ ಅಲ್ಲಿನ ತರಬೇತುದಾರರು ಕೈಗೆ ಕಲಿಸುವಷ್ಟೇ ಮನಸ್ಸಿಗೂ ಕಲಿಸುತ್ತಾರೆ. ಹೋದ ಚೆಂಡನ್ನು ಮರೆ, ಉಸಿರು ನಿಧಾನಿಸು, ಬರುವ ಚೆಂಡನ್ನು ನೋಡು. ಇದು ಒಳ್ಳೆಯ ಪಾಠ. ಸೋಲು ಆಟದ ಗುಣ. ಅದಕ್ಕೆ ಯಾರನ್ನೂ ದೂರುವಂತಿಲ್ಲ.

ಆದರೆ ಬೇಸ್‌ಬಾಲ್‌ನಲ್ಲಿ ಮನೋಬಲದ ಮಾತು ಬಂದಾಗ ಮೊದಲು ನೆನಪಾಗುವ ಹೆಸರು ಜಾಕಿ ರಾಬಿನ್ಸನ್. ಅವರು ಎದುರಿಸಿದ್ದು ಈ ಬಗೆಯ ಸೋಲನ್ನಲ್ಲ. ಸುಮಾರು ಅರವತ್ತು ವರ್ಷಗಳ ಕಾಲ ಅಮೆರಿಕದ ಮೇಜರ್ ಲೀಗ್‌ನಲ್ಲಿ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಬರೆದ ಕಾನೂನೇನೂ ಇರಲಿಲ್ಲ, ಎಲ್ಲರೂ ಒಪ್ಪಿ ಮುಚ್ಚಿದ ಬಾಗಿಲು ಅದು. 1945ರ ಆಗಸ್ಟ್‌ನಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಬ್ರಾಂಚ್ ರಿಕಿ ಅವರು ರಾಬಿನ್ಸನ್‌ರನ್ನು ಕರೆಸಿ, ಮುಂದೆ ಕೇಳಬೇಕಾಗುವ ಬೈಗುಳಗಳನ್ನು ತಾವೇ ಅಭಿನಯಿಸಿ ತೋರಿಸಿದರು. ಅವರು ಹಾಕಿದ ಷರತ್ತು ಒಂದೇ: ಯಾರು ಏನೇ ಅಂದರೂ ತಿರುಗಿ ಬೀಳಬಾರದು.

ರಾಬಿನ್ಸನ್ ಸ್ವಭಾವತಃ ಬಾಯಿ ಮುಚ್ಚಿಕೊಂಡಿರುವವರಲ್ಲ. 1944ರಲ್ಲಿ ಸೈನ್ಯದಲ್ಲಿದ್ದಾಗ ಬಸ್ಸಿನಲ್ಲಿ ಹಿಂದೆ ಹೋಗಿ ಕೂರಲು ನಿರಾಕರಿಸಿ ಸೈನಿಕ ನ್ಯಾಯಾಲಯದ ವಿಚಾರಣೆ ಎದುರಿಸಿದವರು, ನಿರ್ದೋಷಿಯೆಂದು ಹೊರಬಂದವರು. ಅಂಥವರು ಆ ಷರತ್ತಿಗೆ ಒಪ್ಪಿದರು. 1947ರ ಏಪ್ರಿಲ್ 15ರಂದು ಮೇಜರ್ ಲೀಗ್‌ನಲ್ಲಿ ಮೈದಾನಕ್ಕಿಳಿದರು. ಕೆಲವೇ ದಿನಗಳಲ್ಲಿ ಫಿಲಡೆಲ್ಫಿಯಾ ತಂಡದ ಮ್ಯಾನೇಜರ್ ಬೆನ್ ಚಾಪ್‌ಮನ್ ಮತ್ತು ಅವರ ಆಟಗಾರರು ಬಣ್ಣ ಹಿಡಿದು ನಿಂದಿಸಿದರು. ತಾನು ಕುಸಿಯುವ ಅಂಚಿಗೆ ಬಂದಿದ್ದೆನೆಂದು ರಾಬಿನ್ಸನ್ ಮುಂದೆ ಆತ್ಮಕಥೆಯಲ್ಲಿ ಬರೆದರು. ಆದರೂ ಅಂದು ಕೈಯೆತ್ತಲಿಲ್ಲ. ಆ ವರ್ಷದ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಅವರಿಗೇ ಬಂತು.

ಇದನ್ನು ಸಹನೆಯ ಮಹಾ ಉದಾಹರಣೆಯೆಂದು ಮಕ್ಕಳಿಗೆ ಹೇಳುತ್ತೇವೆ. ಹೇಳಬೇಕಾದದ್ದೇ. ಅಂದು ರಾಬಿನ್ಸನ್ ಒಂದು ಏಟು ಕೊಟ್ಟಿದ್ದರೆ ಬಾಗಿಲು ಮತ್ತೆ ಮುಚ್ಚಲು ಕಾದಿದ್ದವರಿಗೆ ಅದೇ ನೆಪವಾಗುತ್ತಿತ್ತು. ರಿಕಿಯ ಲೆಕ್ಕಾಚಾರ ತಪ್ಪಲ್ಲ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಬೈದವರಿಗೆ ಯಾರೂ ಷರತ್ತು ಹಾಕಲಿಲ್ಲ, ಬೈಸಿಕೊಂಡವನಿಗೇ ಏಕೆ ಹಾಕಿದರು? ಚೆಂಡು ತಪ್ಪಿದ ನೋವೂ ಮನುಷ್ಯ ಮಾಡಿದ ಅವಮಾನವೂ ಒಂದೇ ಅಲ್ಲ. ಮೊದಲನೆಯದಕ್ಕೆ ತಾಳ್ಮೆಯೇ ಮದ್ದು. ಎರಡನೆಯದಕ್ಕೆ ತಾಳ್ಮೆಯನ್ನಷ್ಟೇ ಬೋಧಿಸಿದರೆ, ಅನ್ಯಾಯ ಮಾಡಿದವನ ಸಾಲವನ್ನು ಅನ್ಯಾಯಕ್ಕೊಳಗಾದವನಿಂದ ವಸೂಲಿ ಮಾಡಿದಂತೆ.

ಮುಂದೆ ಆ ಕಟ್ಟು ಸಡಿಲವಾಯಿತು, ರಾಬಿನ್ಸನ್ ಎದುರು ಮಾತಾಡತೊಡಗಿದರು. ಅವರ ಆಟವೇನೂ ಕುಂದಲಿಲ್ಲ. 1949ರಲ್ಲಿ .342 ಸರಾಸರಿಯೊಂದಿಗೆ ಲೀಗ್‌ನ ಅತ್ಯಮೂಲ್ಯ ಆಟಗಾರ ಎನಿಸಿದರು. ಮೌನವಷ್ಟೇ ಮನೋಬಲವಲ್ಲ ಎನ್ನಲು ಬೇರೆ ಸಾಕ್ಷಿ ಬೇಕೆ?

ಇನ್ನೊಬ್ಬರನ್ನೂ ನೆನೆಯಬೇಕು. ಕಪ್ಪು ಜನರಿಗಾಗಿಯೇ ಇದ್ದ ನೀಗ್ರೋ ಲೀಗ್‌ಗಳ ಅಪ್ರತಿಮ ಹೊಡೆತಗಾರ ಜಾಶ್ ಗಿಬ್ಸನ್ 1947ರ ಜನವರಿಯಲ್ಲಿ, 35ನೇ ವಯಸ್ಸಿನಲ್ಲಿ ತೀರಿಕೊಂಡರು. ಬಾಗಿಲು ತೆರೆಯಲು ಮೂರು ತಿಂಗಳೂ ಇರಲಿಲ್ಲ. 2024ರಲ್ಲಿ ಆ ಲೀಗ್‌ಗಳ ಅಂಕಿಅಂಶಗಳನ್ನು ಮೇಜರ್ ಲೀಗ್ ತನ್ನ ದಾಖಲೆಗೆ ಸೇರಿಸಿಕೊಂಡಾಗ ಜೀವಮಾನದ ಸರಾಸರಿಯಲ್ಲಿ .372ರೊಂದಿಗೆ ಗಿಬ್ಸನ್ ಎಲ್ಲರಿಗಿಂತ ಮೇಲೆ ಬಂದರು. ಅವರಲ್ಲಿ ಮನೋಬಲದ ಕೊರತೆಯಿತ್ತೆಂದು ಯಾರು ಹೇಳಿಯಾರು? ಕೊರತೆ ಇದ್ದದ್ದು ಬಾಗಿಲು ಕಾಯುತ್ತಿದ್ದವರಲ್ಲಿ.

1997ರಿಂದ ಮೇಜರ್ ಲೀಗ್‌ನ ಎಲ್ಲ ತಂಡಗಳೂ ರಾಬಿನ್ಸನ್‌ರ 42ನೇ ಸಂಖ್ಯೆಯ ಅಂಗಿಯನ್ನು ಹೊಸಬರಿಗೆ ಕೊಡದೆ ಕಾದಿಟ್ಟಿವೆ. ಅದು ದೊಡ್ಡ ಗೌರವ. ಆದರೆ ನೊಂದವರ ಸಹನೆಯನ್ನು ಹೊಗಳುವಾಗಲೆಲ್ಲ ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಮಾತೊಂದಿದೆ: ಅವರು ಅಷ್ಟೊಂದು ಸಹಿಸಬೇಕಾಗಿ ಬಂದದ್ದು ಯಾರಿಂದ? ಆ ಸಾಲಿನಲ್ಲಿ ನಾವೂ ನಿಂತಿದ್ದೇವೆಯೇ?