ಗಿಟಾರ್ ನುಡಿಸಿದ್ದು ಯಾರು?

ನಾಸಿಕದ ಅಂಬಡದಲ್ಲಿ ನಮ್ಮ ಆಫೀಸು. ಬಿಡಿಭಾಗ ಕೊಂಡುಕೊಳ್ಳುವ ಕಾರ್ಖಾನೆ ಇರುವುದು ಛತ್ರಪತಿ ಸಂಭಾಜಿನಗರದ ಹೊರಗಿನ ವಾಳೂಜಿನಲ್ಲಿ. ಹಾಗಾಗಿ ತಿಂಗಳಿಗೆ ಎರಡು ಸಲವಾದರೂ ಬಸ್ಸು ಹತ್ತುವುದು ಇದ್ದದ್ದೇ. ಒಮ್ಮೆ ಯೇವಲಾ ದಾಟಿದ ಮೇಲೆ ಹಿಂದಿನ ಸೀಟಿನ ಮೊಬೈಲಿನಿಂದ ‘ಕರ್ಜ್’ ಚಿತ್ರದ ‘ಏಕ್ ಹಸೀನಾ ಥಿ’ ಹಾಡಿನ ಗಿಟಾರ್ ಕೇಳಿಬಂತು. ಬಸ್ಸಿನಲ್ಲಿ ಅದು ಗೊತ್ತಿಲ್ಲದವರು ಒಬ್ಬರೂ ಇರಲಿಕ್ಕಿಲ್ಲ. ಪಕ್ಕದಲ್ಲಿದ್ದ ಇಂಜಿನಿಯರಿಂಗ್ ಓದುವ ಹುಡುಗ ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದ. “ಇದನ್ನ ನುಡಿಸಿದ್ದು ಯಾರು?” ಅಂತ ಕೇಳಿದೆ. “ರಿಷಿ ಕಪೂರ್” ಅಂದ. ಅಂದವನೇ ನಾಚಿಕೊಂಡು ನಕ್ಕ.

ನಾನೂ ನಕ್ಕೆ. ಆದರೆ ಆ ನಗುವಿಗೆ ನನಗೂ ಅರ್ಹತೆ ಇರಲಿಲ್ಲ. 1980ರ ಆ ಚಿತ್ರಕ್ಕೆ ಸಂಗೀತ ಲಕ್ಷ್ಮೀಕಾಂತ್–ಪ್ಯಾರೇಲಾಲ್ ಅವರದು. ಗಿಟಾರ್ ನುಡಿಸಿದವರು ಪ್ಯಾರೇಲಾಲರ ತಮ್ಮ ಗೋರಖ್ ಶರ್ಮಾ. ಈ ಹೆಸರು ನನಗೆ ತಿಳಿದದ್ದು 2018ರ ಜನವರಿಯಲ್ಲಿ, ಅವರು ತೀರಿಕೊಂಡ ಸುದ್ದಿ ಓದಿದಾಗ. ಚಿಕ್ಕಂದಿನಿಂದ ಕೇಳಿದ ಬೆರಳುಗಳಿಗೆ ಒಂದು ಹೆಸರಿದೆ ಅಂತ ಗೊತ್ತಾಗಲು ಆ ಮನುಷ್ಯ ಸಾಯಬೇಕಾಯಿತು.

ಅಂದಿನಿಂದ ಒಂದು ಪ್ರಶ್ನೆ ಕಾಡುತ್ತಿದೆ. ಒಳ್ಳೆಯ ವಾದ್ಯಗಾರನನ್ನು ಲೋಕ ಗಮನಿಸದೆ ಹೋದರೆ ಅದು ಅನ್ಯಾಯವೋ, ಅಥವಾ ಲೋಕ ಇರುವುದೇ ಹಾಗೋ?

ಮೊದಲ ಕಾರಣ ಸುಲಭ. ನಾವು ಸಂಗೀತವನ್ನು ಕಣ್ಣಿನಿಂದ ಕೇಳುತ್ತೇವೆ. ಎಸಿ/ಡಿಸಿ ತಂಡವನ್ನು 1973ರಲ್ಲಿ ಸಿಡ್ನಿಯಲ್ಲಿ ಕಟ್ಟಿದವರು ಯಂಗ್ ಸಹೋದರರು. ಶಾಲೆಯ ಚಡ್ಡಿ ತೊಟ್ಟು ವೇದಿಕೆಯ ತುಂಬ ಓಡಾಡುವ ಆಂಗಸ್ ಎಲ್ಲರಿಗೂ ಗೊತ್ತು. ಡ್ರಮ್ಮಿನ ಪಕ್ಕ ನಿಂತು ಲಯ ಹಿಡಿದ ಅಣ್ಣ ಮಾಲ್ಕಮ್ ಎಷ್ಟು ಜನರಿಗೆ ಗೊತ್ತು? ಅವನ ಗಿಟಾರನ್ನು ತೆಗೆದುಬಿಟ್ಟರೆ ಆ ಹಾಡುಗಳು ತೊಲೆಯಿಲ್ಲದ ಮನೆಯಂತೆ ಕುಸಿಯುತ್ತವೆ. ಆದರೂ ಮಾಲ್ಕಮ್‌ಗೆ ಅನ್ಯಾಯವಾಯಿತು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ತಂಡ ಅವನದು, ಹಾಡು ಕಟ್ಟಿದವರ ಸಾಲಿನಲ್ಲಿ ಅವನ ಹೆಸರಿದೆ, ಹಿಂದೆ ನಿಂತದ್ದೂ ಅವನ ಆಯ್ಕೆಯೇ. ಜನ ನೋಡಲಿಲ್ಲ, ಅಷ್ಟೆ. ನೋಟವನ್ನು ಯಾರೂ ಹಕ್ಕಿನಿಂದ ಕೇಳಲಾರರು.

ಸಿಸ್ಟರ್ ರೊಸೆಟ್ಟಾ ಥಾರ್ಪ್ ಕತೆ ಬೇರೆ. 1938ರಿಂದಲೇ ಧ್ವನಿಮುದ್ರಿಕೆ ಕೊಡುತ್ತಿದ್ದ, ಚರ್ಚಿನ ಹಾಡಿಗೆ ಎಲೆಕ್ಟ್ರಿಕ್ ಗಿಟಾರ್ ತಂದ ಕಪ್ಪು ಹೆಣ್ಣುಮಗಳು. ಚಕ್ ಬೆರಿಯ ಮೊದಲ ರೆಕಾರ್ಡು ಬಂದದ್ದು 1955ರಲ್ಲಿ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಬೆರಿಯನ್ನು ಸೇರಿಸಿಕೊಂಡದ್ದು 1986ರಲ್ಲಿ; ರೊಸೆಟ್ಟಾಳನ್ನು 2018ರಲ್ಲಿ, ಆಕೆ ಸತ್ತು ಸುಮಾರು 45 ವರ್ಷ ಕಳೆದ ಮೇಲೆ. ಇಲ್ಲಿ ಕಣ್ಣು ತಪ್ಪಿದ್ದಲ್ಲ, ಕತೆ ಹೇಳುವವರು ಆಕೆಯನ್ನು ಕತೆಯೊಳಗೆ ಬಿಟ್ಟುಕೊಳ್ಳಲಿಲ್ಲ.

ಹಾಗಂತ ದೂರದವರನ್ನಷ್ಟೇ ಬೈಯುವುದು ಸರಿಯಲ್ಲ. ಬೆಂಗಳೂರಿನಲ್ಲಿ 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡದ ಗಿಟಾರ್ ವಾದಕ ಬ್ರೂಸ್ ಲೀ ಮಣಿ. ಕಾಲೇಜಿನಲ್ಲಿ ಗೆಳೆಯರು ಆ ಹೆಸರು ಹೇಳಿದಾಗ ನಾನು ನಕ್ಕಿದ್ದೆನೇ ಹೊರತು ಕೇಳಿರಲಿಲ್ಲ. “ಇಂಗ್ಲಿಷಿನಲ್ಲಿ ಹಾಡುವವರು ನಮ್ಮವರಲ್ಲ” ಅಂತ ಒಂದು ಖಾನೆಗೆ ಹಾಕಿ ಮುಚ್ಚಿದ್ದೆ. ಆ ಬೆರಳುಗಳನ್ನು ಗಮನವಿಟ್ಟು ಕೇಳಿದ್ದು ಇತ್ತೀಚೆಗೆ, ನಾಸಿಕದ ಬಾಡಿಗೆ ಮನೆಯಲ್ಲಿ ಕೂತು. ಊರಿನಲ್ಲಿದ್ದಾಗ ಬೇಡವಾಗಿದ್ದು ಊರು ಬಿಟ್ಟ ಮೇಲೆ ನಮ್ಮದಾಗುವ ಕಾಯಿಲೆ ನಿಮಗೂ ಇರಬಹುದು.

ಈಗ ನಾಸಿಕದ ಬೀದಿಗೆ ಬರುತ್ತೇನೆ. ಗಣಪತಿ ವಿಸರ್ಜನೆಯ ದಿನ ಇಲ್ಲಿನ ಮೇನ್ ರೋಡಿನಲ್ಲಿ ನಿಂತರೆ ಡೋಲಿನ ಸದ್ದಿಗೆ ಎದೆ ನಡುಗುತ್ತದೆ. ಆ ಸದ್ದಿನ ಮೇಲೆ ಎಲೆಕ್ಟ್ರಿಕ್ ಗಿಟಾರಿನ ಹಾಗೆ ಚೀರುವ ತಂತಿ ಕೇಳಿಸಿದರೆ ಅದು ಗಿಟಾರ್ ಅಲ್ಲ, ಬೆಂಜೊ. ನಮ್ಮ ಕಡೆ ಬುಲ್‌ಬುಲ್ ತರಂಗ ಅನ್ನುತ್ತೇವಲ್ಲ, ಅದೇ. ಟೈಪ್‌ರೈಟರಿನಂಥ ಗುಂಡಿ, ಅಡಿಯಲ್ಲಿ ತಂತಿ. ಜಪಾನಿನ ನಾಗೋಯಾದಲ್ಲಿ 1912ರಲ್ಲಿ ಹುಟ್ಟಿದ ತೈಶೊಗೊತೊ ಎಂಬ ವಾದ್ಯದ ಸಂತಾನ. ಅದಕ್ಕೆ ಪಿಕಪ್ ಕೂರಿಸಿ, ಆಂಪ್ಲಿಫೈಯರಿಗೆ ಕೊಟ್ಟು, ಗಾಡಿಯ ಮೇಲೆ ಸ್ಪೀಕರ್ ಕಟ್ಟಿದರೆ ಬೆಂಜೊ ಪಾರ್ಟಿ ಸಿದ್ಧ. ಇದು ರಾಕ್ ಅಲ್ಲದೆ ಇನ್ನೇನು? ಆದರೂ ಗಿಟಾರ್ ವಾದಕರ ಯಾವ ಪಟ್ಟಿಯಲ್ಲೂ ಈ ಜನರನ್ನು ನಾನು ಕಂಡಿಲ್ಲ.

ಕಳೆದ ವರ್ಷ ಅಂಥ ಒಬ್ಬರನ್ನು ಮಾತಾಡಿಸಿದೆ. ಮೆರವಣಿಗೆ ಅರ್ಧ ಗಂಟೆ ನಿಂತಿತ್ತು, ಅವರು ಗಾಡಿಯ ಅಂಚಿನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ನನ್ನ ಮುರುಕು ಮರಾಠಿಯಲ್ಲಿ, “ದಾದಾ, ಗಾಡಿಯ ಮೇಲೆ ಮಾಲೀಕರ ಹೆಸರು, ನಂಬರು ದೊಡ್ಡದಾಗಿದೆ. ನಿಮ್ಮ ಹೆಸರು ಎಲ್ಲೂ ಇಲ್ಲವಲ್ಲ, ಬೇಜಾರಾಗಲ್ವಾ?” ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಸಾಹೇಬ, ಹೆಸರು ತಗೊಂಡು ಏನು ಮಾಡಲಿ? ನಂಬರು ನನ್ನದಾಗಿದ್ದರೆ ಬುಕಿಂಗು ನನಗೆ ಬರುತ್ತಿತ್ತು” ಅಂದರು.

ಕೀರ್ತಿಯ ಬಗ್ಗೆ ಯೋಚಿಸಿಕೊಂಡು ಹೋದ ನನಗೆ ಅವರು ಕೂಲಿಯ ಲೆಕ್ಕ ತೋರಿಸಿದ್ದರು. ಹೆಸರು ಅಂದರೆ ಬರೀ ಹೊಗಳಿಕೆಯಲ್ಲ, ಅದು ವಿಳಾಸ; ಕೆಲಸ ಮತ್ತು ದುಡ್ಡು ಯಾರ ಮನೆ ಬಾಗಿಲಿಗೆ ಬರಬೇಕು ಅನ್ನುವುದರ ಗುರುತು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಹಾಡುವವರ, ನುಡಿಸುವವರ ಹಕ್ಕು ಸೇರಿದ್ದು 1994ರ ತಿದ್ದುಪಡಿಯಲ್ಲಿ. ‘ಕರ್ಜ್’ ಬಂದು ಆಗ 14 ವರ್ಷ ಆಗಿತ್ತು.

ಹಾಗಾಗಿ ಈಗ ನಾನು ಎರಡನ್ನು ಬೇರೆ ಮಾಡುತ್ತೇನೆ. ಗಮನ ಬೇರೆ, ಸಲ್ಲಬೇಕಾದದ್ದು ಬೇರೆ. ಗಮನ ಮಳೆಯ ಹಾಗೆ, ಎಲ್ಲಿ ಬೀಳುತ್ತದೋ ಹೇಳಲಾಗದು. ಸಲ್ಲಬೇಕಾದದ್ದು ಕಾಲುವೆಯ ನೀರು. ಅದು ಹೊಲ ತಲುಪದಿದ್ದರೆ ನಡುವೆ ಯಾರೋ ತಿರುಗಿಸಿಕೊಂಡಿದ್ದಾರೆ.

ಕಲೆಗಾರನಿಗೆ ಹೆಸರಿನ ಹಂಗು ಏಕೆ, ಎಲ್ಲೋರಾದ ಕೈಲಾಸವನ್ನು ಕಡಿದವರು ಹೆಸರು ಕೇಳಿದರೇ ಅನ್ನುವವರಿದ್ದಾರೆ. ಸಂಭಾಜಿನಗರಕ್ಕೆ ಹೋದಾಗ ಸಮಯ ಸಿಕ್ಕರೆ ನಾನೂ ಅಲ್ಲಿಗೆ ಹೋಗುತ್ತೇನೆ. ರಾಷ್ಟ್ರಕೂಟರ ಒಂದನೇ ಕೃಷ್ಣನ ಹೆಸರು ನಮಗೆ ಗೊತ್ತು, ಉಳಿ ಹಿಡಿದವರ ಹೆಸರು ಗೊತ್ತಿಲ್ಲ. ಕೇಳಲಿಲ್ಲವೋ, ಕೇಳಿದರೂ ಕೊಡಲಿಲ್ಲವೋ ಯಾರು ಬಲ್ಲರು? ಆದರೆ ನಮ್ಮದೇ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಾವು ಕೆತ್ತಿದ ವಿಗ್ರಹಗಳ ಅಡಿಯಲ್ಲಿ ಹೆಸರು ಬರೆದಿದ್ದಾರೆ. ಅದರಿಂದ ದೇವರಿಗೂ ಕೊರತೆಯಾಗಲಿಲ್ಲ, ರಾಜನಿಗೂ ಆಗಲಿಲ್ಲ. ಹೆಸರಿಲ್ಲದಿರುವುದು ಕಲೆಯ ನಿಯಮವಲ್ಲ, ಅದು ಆಯಾ ಕಾಲದ ರೂಢಿ. ರೂಢಿಯನ್ನು ಬದಲಾಯಿಸಬಹುದು.

ನನ್ನ ಕೈಲಾಗುವುದು ಚಿಕ್ಕದು. ಆ ದಾದಾನ ನಂಬರು ಬರೆದುಕೊಂಡೆ. ನಮ್ಮ ಕಾಲೊನಿಯ ಗಣಪತಿಗೆ ಈ ವರ್ಷ ಬೆಂಜೊ ಗೊತ್ತು ಮಾಡುವಾಗ ನೇರವಾಗಿ ಅವರಿಗೇ ಫೋನ್ ಮಾಡಿದೆ. “ಯಾವ ಪಾರ್ಟಿ ಬೇಕು?” ಅಂತ ಕೇಳಿದರು. “ಪಾರ್ಟಿ ಯಾವುದಾದರೂ ಆಗಲಿ, ನುಡಿಸುವುದು ನೀವಾಗಿರಬೇಕು” ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಅವರು ರೇಟು ಹೇಳಿದರು. ನಾನು ಚೌಕಾಸಿ ಮಾಡಲಿಲ್ಲ.